ಮೂಗಿಗೆ ಮೊದಲು ಸಿಗುವ ದ್ವೀಪ



ತಿಮಿಂಗಿಲದ ಬಗ್ಗೆ ರೇಡಿಯೋದಲ್ಲಿ ಮಾತಾಡಲಿದ್ದೇನೆ ಎಂದಾಗ ಗೆಳೆಯರೊಬ್ಬರು ನಕ್ಕರು. ಟೀವಿಯಲ್ಲಾದರೆ ತೋರಿಸಬಹುದಿತ್ತು, ಬಾನುಲಿಯಲ್ಲಿ ಏನು ಮಾಡುತ್ತೀರಿ ಎಂಬುದು ಅವರ ಪ್ರಶ್ನೆ. ಕಡಲ ಮೇಲೆ ಹೋಗಿ ಬಂದವರಿಗೆ ಆ ಪ್ರಶ್ನೆ ಏಳುವುದಿಲ್ಲ. ದೋಣಿಯಲ್ಲಿ ನಿಂತವರ ಕಣ್ಣಿಗೆ ತಿಮಿಂಗಿಲ ಇಡಿಯಾಗಿ ಕಾಣುವುದೇ ಅಪರೂಪ. ಒಂದಿಷ್ಟು ಬೆನ್ನು, ಒಂದು ಗಳಿಗೆ ಬಾಲ, ಮಿಕ್ಕಿದ್ದೆಲ್ಲ ನೀರು. ಅದು ಉಸಿರು ಬಿಟ್ಟ ಸದ್ದು ಮೊದಲು ಕಿವಿಗೆ ಬೀಳುತ್ತದೆ, ಆ ಉಸಿರಿನ ನಾತ ಮೂಗಿಗೆ ಬಡಿಯುತ್ತದೆ, ಕಣ್ಣಿನ ಸರದಿ ಆಮೇಲೆ. ನನ್ನ ಲೆಕ್ಕದಲ್ಲಿ ಈ ವಿಷಯಕ್ಕೆ ಬಾನುಲಿಯೇ ತಕ್ಕ ಜಾಗ.

ನಾನು ಹೇಳಹೊರಟಿರುವುದು ಅಮೆರಿಕದ ಪಶ್ಚಿಮ ಕರಾವಳಿಯ ಫ್ಯಾರಲಾನ್ ದ್ವೀಪಗಳ ಕಡೆಗಿನ ದೋಣಿಯಾತ್ರೆಯನ್ನು. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯಿಂದ ಪಶ್ಚಿಮಕ್ಕೆ ಸುಮಾರು 48 ಕಿಲೋಮೀಟರ್. ಸಿಲಿಕಾನ್ ಕಣಿವೆಯಲ್ಲಿ ನಮ್ಮವರ ಮನೆಗಳು ಎಷ್ಟಿವೆ ಎಂಬುದು ನಿಮಗೆ ಗೊತ್ತೇ ಇದೆ. ಬೇಸಿಗೆ ಬಂತೆಂದರೆ ಮೈಸೂರು, ಮಂಗಳೂರು, ಹುಬ್ಬಳ್ಳಿಗಳಿಂದ ಅಪ್ಪ ಅಮ್ಮಂದಿರು ಹೊರಡುತ್ತಾರೆ. ಮಕ್ಕಳು ಅವರಿಗೆ ಕೆಂಪು ಸೇತುವೆ ತೋರಿಸುತ್ತಾರೆ, ಯೊಸೆಮಿಟಿಯ ಜಲಪಾತ ತೋರಿಸುತ್ತಾರೆ, ಶನಿವಾರ ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನಕ್ಕೆ ಕರೆದೊಯ್ಯುತ್ತಾರೆ. ಈ ದ್ವೀಪಗಳ ಕಡೆ ಮಾತ್ರ ಯಾರೂ ಕೈ ತೋರಿಸುವುದಿಲ್ಲ. ಆಡಳಿತದ ಲೆಕ್ಕದಲ್ಲಿ ಇವು ಸ್ಯಾನ್ ಫ್ರಾನ್ಸಿಸ್ಕೋ ನಗರದ್ದೇ ಭಾಗ. ಆದರೂ ಆ ನಗರದಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಂದಿ ಇವನ್ನು ಕಂಡಿದ್ದರೆ ಆಕಾಶ ತಿಳಿಯಾದ ದಿನ, ದಿಗಂತದ ಮೇಲಿನ ಹಲ್ಲುಗಳಂತೆ ಮಾತ್ರ ಕಂಡಿರುತ್ತಾರೆ.

ನಾವು ಹೊರಟದ್ದು ಜುಲೈನಲ್ಲಿ, ಬೆಳಗಿನ ಜಾವದ ಚಳಿಯಲ್ಲಿ. ಜುಲೈನಲ್ಲಿ ಚಳಿಯೇ ಎಂದು ಕೇಳಬೇಡಿ. ಒಳನಾಡಿನ ಫ್ರೀಮಾಂಟಿನಲ್ಲಿ ಬೆವರುತ್ತಿರುವ ಹೊತ್ತಿಗೆ ಈ ನಗರ ಮಂಜು ಹೊದ್ದು ಮಲಗಿರುತ್ತದೆ. ಸೇತುವೆಯ ಕೆಳಗೆ ದೋಣಿ ಹಾದುಹೋಗುವಾಗ 67 ಮೀಟರ್ ಮೇಲೆ ವಾಹನಗಳ ಗುಂಯ್‌ಗುಡುವಿಕೆ ಕೇಳುತ್ತದೆ, ಸೇತುವೆ ಕಾಣುವುದಿಲ್ಲ. ಅಲ್ಲಿಂದ ಆಚೆ ಕೊಲ್ಲಿಯ ಭರವಸೆ ಮುಗಿಯಿತು. ಬಾಯಿಯ ಬಳಿ ನೀರು ಆಳವಿಲ್ಲದ ದಿಬ್ಬಗಳ ಮೇಲೆ ಉಕ್ಕಿ ಬೀಳುತ್ತದೆ. ಅಲ್ಲಿನ ಒಂದು ದಿಬ್ಬಕ್ಕೆ ನಾವಿಕರು ಆಲೂಗಡ್ಡೆ ಹೊಲ ಎಂಬ ಹೆಸರಿಟ್ಟಿದ್ದಾರೆ. ಅರ್ಧ ಗಂಟೆಯೊಳಗೆ ಪ್ರಯಾಣಿಕರಲ್ಲಿ ಎರಡು ಪಂಗಡ ಆಗುತ್ತದೆ, ದುರ್ಬೀನು ಹಿಡಿದವರದೊಂದು, ಕಂಬಿ ಹಿಡಿದವರದೊಂದು.

ಆ ಚಳಿಯನ್ನು ಬೈದುಕೊಳ್ಳುವ ಮೊದಲು ಅದರ ಕಾರಣ ಕೇಳಬೇಕು. ವಸಂತ ಮತ್ತು ಬೇಸಿಗೆಯಲ್ಲಿ ಇಲ್ಲಿ ವಾಯವ್ಯದ ಗಾಳಿ ದಡದುದ್ದಕ್ಕೂ ದಕ್ಷಿಣಕ್ಕೆ ಬೀಸುತ್ತದೆ. ಭೂಮಿ ತಿರುಗುವುದರಿಂದ ಉತ್ತರಾರ್ಧ ಗೋಳದಲ್ಲಿ ಮೇಲ್ಪದರದ ನೀರು ಗಾಳಿಯ ಬಲಕ್ಕೆ, ಅಂದರೆ ದಡದಿಂದ ದೂರಕ್ಕೆ ಸರಿಯುತ್ತದೆ. ಸರಿದ ಜಾಗ ತುಂಬಲು ತಳದ ತಣ್ಣೀರು ಮೇಲೇಳುತ್ತದೆ. ಆ ನೀರಿನ ಮೇಲೆ ಹಾದ ತೇವದ ಗಾಳಿಯೇ ನಗರಕ್ಕೆ ಬರುವ ಮಂಜು. ಅದೇ ನೀರು ತಳದ ನೈಟ್ರೇಟು, ಫಾಸ್ಫೇಟುಗಳನ್ನು ಬಿಸಿಲಿಗೆ ತರುತ್ತದೆ, ಸೂಕ್ಷ್ಮ ಸಸ್ಯಗಳು ನೀರನ್ನು ಹಸಿರಾಗಿಸುತ್ತವೆ, ಅವನ್ನು ತಿನ್ನಲು ಸಿಗಡಿಯ ದೂರದ ಬಳಗವಾದ ಕ್ರಿಲ್ ಬರುತ್ತದೆ, ಕ್ರಿಲ್ಲಿನ ಹಿಂದೆ ಆಂಚೊವಿ ಮೀನು, ಹಕ್ಕಿ, ತಿಮಿಂಗಿಲ. ಮಂಗಳೂರು, ಮಲ್ಪೆಯ ಕೇಳುಗರಿಗೆ ಇದು ದೂರದ ಕಥೆಯಲ್ಲ. ಮುಂಗಾರಿನ ತಿಂಗಳುಗಳಲ್ಲಿ ಕೇರಳ-ಕರ್ನಾಟಕದ ಕಡಲಲ್ಲೂ ಇದೇ ನಿಯಮದಿಂದ ತಳದ ನೀರು ಮೇಲೇಳುತ್ತದೆ. ಬೂತಾಯಿ, ಬಂಗುಡೆಗಳ ಸುಗ್ಗಿಗೆ ಬೆನ್ನೆಲುಬು ಅದೇ. ಹಾಗೆ ನೋಡಿದರೆ ಜುಲೈನಲ್ಲಿ ಅಲ್ಲಿ ನಾವು ನಡುಗಿದ್ದಕ್ಕೂ ಇಲ್ಲಿ ಆಗಸ್ಟ್ ಕಳೆದ ಮೇಲೆ ಬುಟ್ಟಿ ತುಂಬುವುದಕ್ಕೂ ಭೌತಶಾಸ್ತ್ರ ಒಂದೇ.

ಮೊದಲು ಕಂಡದ್ದು ಹಕ್ಕಿಗಳು. ಕಂದುಕಪ್ಪು ಬಣ್ಣದ, ರೆಕ್ಕೆ ಬಡಿಯದೆ ಅಲೆಯ ಮೈಗಂಟಿಯೇ ಜಾರಿಹೋಗುವ ಸೂಟಿ ಶಿಯರ್‌ವಾಟರ್‌ಗಳು. ಒಂದೆರಡಲ್ಲ, ದೋಣಿಯ ಮುಂದೆ ಹೊಗೆಯ ಎಳೆಯಂತೆ ಮುಗಿಯದೆ ಸಾಗುವ ಸಾಲು. ಇವು ಮೊಟ್ಟೆಯಿಡುವುದು ನ್ಯೂಜಿಲೆಂಡ್, ಚಿಲಿಗಳ ಕಡೆ. ನ್ಯೂಜಿಲೆಂಡಿನ ಹಕ್ಕಿಗಳಿಗೆ ಪುಟ್ಟ ದಾಖಲೆಯಂತ್ರ ಕಟ್ಟಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಪೆಸಿಫಿಕ್ ಸಾಗರದ ಮೇಲೆ ಎಂಟರ ಅಂಕೆ ಬರೆದಂತೆ ಸುತ್ತಿ ವರ್ಷಕ್ಕೆ ಸುಮಾರು 64 ಸಾವಿರ ಕಿಲೋಮೀಟರ್ ಹಾರುತ್ತವೆ ಎಂದು ಅದರಲ್ಲಿ ಗೊತ್ತಾಯಿತು. ಒಂದು ಚಳಿಗಾಲವನ್ನೂ ನೋಡದೆ ಆಯುಷ್ಯ ಕಳೆಯುವ ಉಪಾಯ ಅದು.

ಇದೇ ಹಕ್ಕಿ ಒಮ್ಮೆ ಸಿನಿಮಾಕ್ಕೂ ಕಾರಣವಾಗಿದೆ. 1961ರ ಆಗಸ್ಟ್ 18ರ ನಸುಕಿನಲ್ಲಿ, ದಕ್ಷಿಣದ ಮಾಂಟೆರೆ ಕೊಲ್ಲಿಯ ದಡದ ಕ್ಯಾಪಿಟೋಲಾ ಊರಿನಲ್ಲಿ ಶಿಯರ್‌ವಾಟರ್‌ಗಳು ಮನೆಗಳಿಗೆ, ಕಿಟಕಿಗಳಿಗೆ, ದೀಪಗಳಿಗೆ ಬಂದು ಅಪ್ಪಳಿಸಿದವು. ಬೀದಿತುಂಬ ಸತ್ತ ಹಕ್ಕಿ, ಅವು ಕಕ್ಕಿದ ಆಂಚೊವಿ. ಹತ್ತಿರದಲ್ಲೇ ಮನೆ ಮಾಡಿಕೊಂಡಿದ್ದ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಸ್ಥಳೀಯ ಪತ್ರಿಕೆಯಿಂದ ವರದಿ ತರಿಸಿಕೊಂಡರು. 1963ರಲ್ಲಿ ‘ದಿ ಬರ್ಡ್ಸ್’ ಬಂತು. ಹಕ್ಕಿಗಳಿಗೆ ಹುಚ್ಚು ಹಿಡಿದದ್ದೇಕೆ ಎಂಬುದಕ್ಕೆ ಉತ್ತರ ಸಿಗಲು ಅರ್ಧ ಶತಮಾನ ಹಿಡಿಯಿತು. 1961ರಲ್ಲೇ ಆ ಕಡಲಿನಿಂದ ತೆಗೆದಿಟ್ಟಿದ್ದ ಜೀವಿಗಳ ಹೊಟ್ಟೆ ಪರೀಕ್ಷಿಸಿದಾಗ ಡೊಮೊಯಿಕ್ ಆಮ್ಲ ಎಂಬ ನರವಿಷ ಉಂಟುಮಾಡುವ ಪಾಚಿ ತುಂಬಿತ್ತು. ಪಾಚಿಯ ವಿಷ ಆಂಚೊವಿಗೆ, ಆಂಚೊವಿಯಿಂದ ಹಕ್ಕಿಯ ಮಿದುಳಿಗೆ. ಹಿಚ್‌ಕಾಕ್ ಹಕ್ಕಿಗಳನ್ನು ಖಳರನ್ನಾಗಿ ಮಾಡಿದರು. ಪಾಪ, ಅವು ರೋಗಿಗಳು.

ದ್ವೀಪಕ್ಕೆ ಇನ್ನೂ ಒಂದು ಗಂಟೆಯ ದಾರಿ ಇರುವಾಗ ದೋಣಿ ನಿಧಾನವಾಯಿತು. ಮಂಜಿನೊಳಗಿಂದ ಉದ್ದನೆಯ ಒಂದು ‘ಹೂಂಶ್’. ಯಾರೂ ಮಾತಾಡಲಿಲ್ಲ. ಇನ್ನೊಮ್ಮೆ, ಈ ಸಲ ಬಲಗಡೆ. ಆಮೇಲೆ ಗಾಳಿಯ ಜೊತೆ ಬಂದ ವಾಸನೆ: ಮೀನು ಕೊಳೆತು, ಅದರ ಮೇಲೆ ಎಲೆಕೋಸು ಕೊಳೆತು ಸೇರಿದ ಹಾಗೆ. ಎದುರಿಗಿದ್ದ ಪುಟ್ಟ ಹುಡುಗಿ ಮೂಗು ಮುಚ್ಚಿಕೊಂಡು ನಕ್ಕಳು. ಹಂಪ್‌ಬ್ಯಾಕ್ ತಿಮಿಂಗಿಲದ ಉಸಿರು ಅದು. ನಾವು ಒಂದು ಉಸಿರಿನಲ್ಲಿ ಶ್ವಾಸಕೋಶದ ಗಾಳಿಯ ಸಣ್ಣ ಪಾಲನ್ನು ಮಾತ್ರ ಬದಲಿಸುತ್ತೇವೆ. ತಿಮಿಂಗಿಲ ಹೆಚ್ಚುಕಡಿಮೆ ಎಲ್ಲವನ್ನೂ ಒಂದೇ ಏಟಿಗೆ ಹೊರಗೆ ಎಸೆಯುತ್ತದೆ. ನೀರಾವಿಯ ಕಂಬ ಮೂರು ಮೀಟರ್ ಏರುತ್ತದೆ. ನಾಲ್ಕೈದು ಉಸಿರು ತೆಗೆದುಕೊಂಡು ಬೆನ್ನು ಬಿಲ್ಲಾಗಿ ಬಾಗಿತೆಂದರೆ ಆಳಕ್ಕೆ ಇಳಿಯುತ್ತದೆ ಎಂದು ಅರ್ಥ, ಬಾಲ ಮೇಲೇಳುವುದು ಆಗಲೇ.

ಆ ಬಾಲದ ತಳಭಾಗದಲ್ಲಿದೆ ಅದರ ಗುರುತು. ಕಪ್ಪು ಬಿಳುಪಿನ ಮಚ್ಚೆ, ಅಂಚಿನ ಕಚ್ಚುಗಳು, ಓರ್ಕಾ ತಿಮಿಂಗಿಲದ ಹಲ್ಲಿನ ಗೀರು, ಹಗ್ಗ ಕೊರೆದ ಗಾಯ. ಎರಡು ಬಾಲ ಒಂದೇ ಥರ ಇರುವುದಿಲ್ಲ. ಹಿಂದೆಲ್ಲ ವಿಜ್ಞಾನಿಗಳು ಫೋಟೋಗಳನ್ನು ಮೇಜಿನ ಮೇಲೆ ಹರಡಿ ಕಣ್ಣಲ್ಲೇ ಹೋಲಿಸುತ್ತಿದ್ದರು. ಈಗ ‘ಹ್ಯಾಪಿವೇಲ್’ ಎಂಬ ತಾಣಕ್ಕೆ ನಿಮ್ಮಂಥ ನನ್ನಂಥ ಪ್ರವಾಸಿಗರು ಕಳಿಸುವ ಚಿತ್ರಗಳನ್ನು ಕಂಪ್ಯೂಟರ್ ಹೋಲಿಸುತ್ತದೆ. ನೀವು ಕಳಿಸಿದ ಬಾಲ ಮೆಕ್ಸಿಕೋದಲ್ಲಿ ಚಳಿಗಾಲ ಕಳೆದ ಇಂಥದೇ ತಿಮಿಂಗಿಲದ್ದು ಎಂದು ಇಮೇಲ್ ಬರುತ್ತದೆ. ಮುಂದೆ ಯಾರಾದರೂ ಅದನ್ನು ಮತ್ತೆ ಕಂಡರೆ ಇನ್ನೊಂದು ಇಮೇಲ್. ದೋಣಿಗಳ ಡೆಕ್ಕಿನ ಮೇಲೆ ನಿಂತ ಜನ ಹೀಗೆ ಕೂಡಿಸಿದ ಚಿತ್ರಗಳಿಂದ ಬಂದ ಲೆಕ್ಕವೊಂದು 2024ರಲ್ಲಿ ಪ್ರಕಟವಾಯಿತು. ಉತ್ತರ ಪೆಸಿಫಿಕ್‌ನ ಹಂಪ್‌ಬ್ಯಾಕ್‌ಗಳು 2002ರಲ್ಲಿ ಸುಮಾರು 17 ಸಾವಿರ ಇದ್ದವು, 2012ರ ಹೊತ್ತಿಗೆ 33 ಸಾವಿರ ದಾಟಿದವು, 2021ಕ್ಕೆ 27 ಸಾವಿರದ ಆಸುಪಾಸಿಗೆ ಇಳಿದವು. ನಡುವೆ 2014ರಿಂದ 2016ರವರೆಗೆ ಈ ಸಾಗರ ಅಸಾಧಾರಣವಾಗಿ ಬಿಸಿಯಾಗಿತ್ತು.

ಸಂಖ್ಯೆ ಏರಿದ್ದೇಕೆ ಎಂಬುದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ, ಕೊಲ್ಲುವುದನ್ನು ನಿಲ್ಲಿಸಿದ್ದರು. ಅಮೆರಿಕದ ಕೊನೆಯ ತಿಮಿಂಗಿಲ ಕಸಾಯಿಖಾನೆ ಇದ್ದದ್ದು ಇದೇ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯೊಳಗೆ, ರಿಚ್ಮಂಡಿನ ಪಾಯಿಂಟ್ ಸ್ಯಾನ್ ಪ್ಯಾಬ್ಲೋದಲ್ಲಿ. ಅದು ಮುಚ್ಚಿದ್ದು 1971ರಲ್ಲಿ. ಹತ್ತಿರ ಹತ್ತಿರ ನಿನ್ನೆ. ಫ್ಯಾರಲಾನ್ ಕಡಲಲ್ಲಿ ಹೊಡೆದ ತಿಮಿಂಗಿಲಗಳ ಹೆಣವನ್ನು ಗೋಲ್ಡನ್ ಗೇಟ್ ಸೇತುವೆಯ ಕೆಳಗಿಂದಲೇ ಎಳೆದು ತರುತ್ತಿದ್ದರು, ನಾವು ಕ್ಯಾಮೆರಾ ಹಿಡಿದು ಹೊರಟ ದಾರಿಯಲ್ಲೇ, ಎದುರು ದಿಕ್ಕಿಗೆ. ಮಾಂಸದ ಬಹುಪಾಲು ಹೋಗುತ್ತಿದ್ದದ್ದು ನಾಯಿ ಬೆಕ್ಕುಗಳ ಆಹಾರಕ್ಕೆ. ಇದೇ ರಾಜ್ಯದ ದಕ್ಷಿಣ ತುದಿಯ ಸ್ಯಾನ್ ಡಿಯೇಗೋದಲ್ಲಿ 1955ರಲ್ಲೇ ಚಕ್ ಚೇಂಬರ್ಲಿನ್ ಎಂಬ ಬೆಸ್ತರೊಬ್ಬರು ತಲೆಗೆ ಒಂದು ಡಾಲರ್ ಪಡೆದು ಜನರಿಗೆ ಬೂದು ತಿಮಿಂಗಿಲ ತೋರಿಸುವ ದೋಣಿ ಶುರುಮಾಡಿದ್ದರು. ಅಂದರೆ ಹಲವು ವರ್ಷ ಎರಡೂ ವ್ಯಾಪಾರ ಒಂದೇ ಕರಾವಳಿಯಲ್ಲಿ ಪಕ್ಕಪಕ್ಕ ನಡೆದವು. ತಿಮಿಂಗಿಲವನ್ನು ನೋಡಿದರೂ ಹಣ, ಕೊಂದರೂ ಹಣ. ನೋಡುವ ಹಣ ಗೆದ್ದದ್ದು ಕರುಣೆಯಿಂದ ಎಂದು ನಾನು ನಂಬುವುದಿಲ್ಲ. ಕೊಲ್ಲಲು ತಿಮಿಂಗಿಲಗಳೇ ಉಳಿದಿರಲಿಲ್ಲ, ಕಾನೂನೂ ಬಂತು. 1972ರ ಕಡಲ ಸಸ್ತನಿಗಳ ರಕ್ಷಣಾ ಕಾಯ್ದೆಯ ಮೇಲೆ ಇಂದಿನ ಈ ದೋಣಿಗಳೆಲ್ಲ ತೇಲುತ್ತಿವೆ.

ದ್ವೀಪ ಹತ್ತಿರ ಬಂತು. ಕಣ್ಣಿಗೆ ಇನ್ನೂ ಮಂಜೇ. ಗಾಳಿ ತಿರುಗಿದ್ದೇ ತಡ, ಲಕ್ಷಾಂತರ ಹಕ್ಕಿಗಳ ಹಿಕ್ಕೆಯ ಅಮೋನಿಯಾ ನಾತ ಮುಖಕ್ಕೆ ರಾಚಿತು. ಹಿಂದೆಯೇ ಸದ್ದು. ಗೊರಗೊರ, ಕರಕರ, ಕಡಲಸಿಂಹಗಳ ಬೊಗಳಿಕೆ, ಗಲ್ ಹಕ್ಕಿಗಳ ಕೂಗು. ಎಲ್ಲಕ್ಕೂ ಕೊನೆಗೆ, ಮಂಜಿನ ನಡುವೆ ಬೂದುಬಿಳಿ ಗ್ರಾನೈಟಿನ ಕೋಡುಗಳು. ಈ ಕಲ್ಲು ಸ್ಯಾನ್ ಫ್ರಾನ್ಸಿಸ್ಕೋದ ನೆಲಕ್ಕೆ ಸೇರಿದ್ದಲ್ಲ. ಸ್ಯಾನ್ ಆಂಡ್ರಿಯಾಸ್ ಬಿರುಕಿನ ಆಚೆಗಿರುವ ಪೆಸಿಫಿಕ್ ಫಲಕದ ಮೇಲೆ ಕೂತು ತೆಂಕಣದಿಂದ ಕೋಟಿಗಟ್ಟಲೆ ವರ್ಷ ಸವಾರಿ ಮಾಡುತ್ತ ಬಂದದ್ದು, ಈಗಲೂ ವಾಯವ್ಯಕ್ಕೆ ಹೊರಟೇ ಇದೆ.

ಅತಿ ದೊಡ್ಡ ದ್ವೀಪವೂ ನೂರು ಎಕರೆ ಇಲ್ಲ. ಅಷ್ಟರಲ್ಲೇ ಹದಿಮೂರು ಜಾತಿಯ ಕಡಲಹಕ್ಕಿಗಳು ಗೂಡು ಕಟ್ಟುತ್ತವೆ. ಅಲಾಸ್ಕಾ, ಹವಾಯಿಗಳನ್ನು ಬಿಟ್ಟರೆ ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಕಡಲಹಕ್ಕಿಗಳ ಬೀಡು ಇಲ್ಲ. ಮೊದಲು ಕಣ್ಣಿಗೆ ಬೀಳುವುದು ಕಾಮನ್ ಮರ್ ಎಂಬ ಕಪ್ಪುಬಿಳಿ ಹಕ್ಕಿ. ನೆಟ್ಟಗೆ ನಿಲ್ಲುತ್ತದೆ, ಒಂದು ಕಿಲೋ ತೂಗುತ್ತದೆ, ನೀರಿನೊಳಗೆ ನೂರು ಮೀಟರಿಗೂ ಆಳಕ್ಕೆ ಧುಮುಕುತ್ತದೆ. ಗೂಡೆಂಬುದಿಲ್ಲ. ಬರೀ ಬಂಡೆಯ ಮೇಲೆ ಒಂದೇ ಮೊಟ್ಟೆ, ದೀಪಾವಳಿಯ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಿಂದ ಹೊರಡುವ ಕೊನೆಯ ಬಸ್ಸಿನಲ್ಲಿ ನಿಂತವರಂತೆ ಒಂದಕ್ಕೊಂದು ಭುಜ ಒತ್ತಿಕೊಂಡು ಸಾವಿರಾರು. ಮೊಟ್ಟೆ ಒಂದು ತುದಿಗೆ ಚೂಪು. ಅದರ ಬಣ್ಣ, ಗೀಟು, ಚುಕ್ಕಿ ಒಂದೊಂದರದು ಒಂದೊಂದು ಬಗೆ, ಆ ಸಂದಣಿಯಲ್ಲಿ ತಾಯ್ತಂದೆ ತಮ್ಮದನ್ನು ಗುರುತಿಸುವುದು ಹಾಗೆ. ಮರಿಗೆ ಮೂರು ವಾರ ತುಂಬಿದಾಗ, ರೆಕ್ಕೆ ಇನ್ನೂ ಹಾರಲು ಬಾರದಿದ್ದರೂ, ಬಂಡೆಯ ತುದಿಯಿಂದ ಕಡಲಿಗೆ ಹಾರಿಬಿಡುತ್ತದೆ. ಕೆಳಗೆ ಅಪ್ಪ ಕಾಯುತ್ತಿರುತ್ತದೆ. ಮುಂದಿನ ವಾರಗಳಲ್ಲಿ ನೀರಿನ ಮೇಲೆ ಅದನ್ನು ಸಾಕುವುದು ಅಪ್ಪನೇ. ದೋಣಿಯ ಪಕ್ಕದಲ್ಲೇ ಅಂಥ ಜೋಡಿಯೊಂದು ಹಾದುಹೋಯಿತು, ಮರಿಯದು ಎಡೆಬಿಡದ ಕೀಚಲು, ಅಪ್ಪನದು ದಪ್ಪ ದನಿಯ ಒಂದೊಂದೇ ಉತ್ತರ.

ಈಗ ಈ ಮೊಟ್ಟೆಯ ಕಥೆ ಹೇಳದೆ ಮುಂದೆ ಹೋಗಲಾರೆ. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋಗೆ ಜನ ನುಗ್ಗಿದರು. ಚಿನ್ನ ಇತ್ತು, ಕೋಳಿ ಇರಲಿಲ್ಲ. ರಾಬಿನ್ಸನ್ ಎಂಬಾತ 1849ರಲ್ಲಿ ಫ್ಯಾರಲಾನ್‌ಗೆ ದೋಣಿ ಹಾಕಿ ಮರ್ ಹಕ್ಕಿಯ ಮೊಟ್ಟೆ ತುಂಬಿಕೊಂಡು ಬಂದನಂತೆ. ಅರ್ಧ ದಾರಿಯಲ್ಲೇ ಒಡೆದುಹೋಗಿ, ಉಳಿದರ್ಧಕ್ಕೇ 3 ಸಾವಿರ ಡಾಲರ್ ಬಂತೆಂದು ಹೇಳುತ್ತಾರೆ. ಅಷ್ಟು ಸಾಕಾಯಿತು. ಮೊಟ್ಟೆ ಕಂಪನಿಯೊಂದು ಹುಟ್ಟಿ ದ್ವೀಪವೇ ತನ್ನದೆಂದು ಕೂತಿತು. ಅದರ ಕೆಲಸಗಾರರ ಕ್ರಮ ಕೇಳಿ. ಋತುವಿನ ಆರಂಭದಲ್ಲಿ ಬಂಡೆಯ ಮೇಲಿದ್ದ ಮೊಟ್ಟೆಗಳನ್ನೆಲ್ಲ ತುಳಿದು ಒಡೆಯುತ್ತಿದ್ದರು, ಹಳೆಯದು ಹೊಸದು ಬೆರೆಯದಿರಲಿ ಎಂದು. ಆಮೇಲೆ ಸಿಗುವುದೆಲ್ಲ ತಾಜಾ. ಸುತ್ತ ಜೇಬು ಹೊಲಿದ ಅಂಗಿ ತೊಟ್ಟು, ಡಜನುಗಟ್ಟಲೆ ಮೊಟ್ಟೆ ಒಡಲಿಗೆ ತುಂಬಿಕೊಂಡು ಜಾರುಬಂಡೆಯಲ್ಲಿ ಇಳಿಯುತ್ತಿದ್ದರು. ಮನುಷ್ಯ ಬಂದು ಮರ್‌ಗಳು ಎದ್ದವೆಂದರೆ ಗಲ್ ಹಕ್ಕಿಗಳಿಗೆ ಹಬ್ಬ, ಉಳಿದ ಮೊಟ್ಟೆ ಅವುಗಳ ಪಾಲು. ನಗರದ ಬೇಕರಿ, ಹೋಟೆಲುಗಳಿಗೆ ವರ್ಷಕ್ಕೆ ಲಕ್ಷಗಟ್ಟಲೆ ಮೊಟ್ಟೆ ಹೋಗುತ್ತಿತ್ತು.

ಲಾಭ ಇದ್ದಲ್ಲಿ ಪೈಪೋಟಿ ತಪ್ಪದು. 1863ರ ಜೂನ್‌ನಲ್ಲಿ ದೇಶದ ಪೂರ್ವದಲ್ಲಿ ಅಂತರ್ಯುದ್ಧ ನಡೆದಿದ್ದಾಗ ಇಲ್ಲಿ ಮೊಟ್ಟೆಯ ಯುದ್ಧ ನಡೆಯಿತು. ಪ್ರತಿಸ್ಪರ್ಧಿ ಗುಂಪು ದೋಣಿಗಳಲ್ಲಿ ಬಂದೂಕು ಹಿಡಿದು ಬಂತು, ದಡದಿಂದ ಗುಂಡು ಹಾರಿತು, ಇಬ್ಬರು ಸತ್ತರು. ದ್ವೀಪದ ಮೇಲಿನ ದೀಪಸ್ತಂಭದ ನೌಕರರ ಜೊತೆಗೂ ಕಂಪನಿ ಜಗಳ ಕಾಯುತ್ತಲೇ ಇತ್ತು. ಕಡೆಗೆ 1881ರಲ್ಲಿ ಸರ್ಕಾರ ಸೈನಿಕರನ್ನು ಕಳಿಸಿ ಕಂಪನಿಯನ್ನು ಎಬ್ಬಿಸಿತು. ಅಷ್ಟರಲ್ಲಿ ನಗರದ ಉತ್ತರಕ್ಕಿರುವ ಪೆಟಲೂಮಾದಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುವ ಯಂತ್ರ ಬಂದು, ಕೋಳಿ ಸಾಕಣೆ ಬೆಳೆಯತೊಡಗಿತ್ತು. ಮರ್ ಹಕ್ಕಿಯನ್ನು ಉಳಿಸಿದವರಲ್ಲಿ ಸೈನಿಕರ ಪಾಲೆಷ್ಟು, ಪೆಟಲೂಮಾದ ಕೋಳಿಗಳ ಪಾಲೆಷ್ಟು ಎಂದರೆ ನಾನಂತೂ ಕೋಳಿಗೆ ಓಟು ಹಾಕುತ್ತೇನೆ. ನಾಲ್ಕೈದು ಲಕ್ಷ ಇದ್ದಿರಬಹುದಾದ ಹಕ್ಕಿ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕೆಲವೇ ಸಾವಿರಕ್ಕೆ ಇಳಿಯಿತು. ಆಮೇಲೂ ಹಡಗುಗಳ ಎಣ್ಣೆ, ಮೀನಿನ ಬಲೆ ಕಾಡಿದವು. ಈಗ ಮತ್ತೆ ಲಕ್ಷಗಳಲ್ಲಿದೆ.

ಈ ದ್ವೀಪದಲ್ಲಿ ಬೆಲೆಚೀಟಿ ಅಂಟದ ಪ್ರಾಣಿ ಕಡಿಮೆ. ಹಕ್ಕಿಗೆ ಮೊಟ್ಟೆ, ತುಪ್ಪಳ ಸೀಲ್‌ಗೆ ಚರ್ಮ, ಆನೆಸೀಲ್‌ಗೆ ಎಣ್ಣೆ. 1579ರಲ್ಲಿ ಇಂಗ್ಲಿಷ್ ನಾವಿಕ ಫ್ರಾನ್ಸಿಸ್ ಡ್ರೇಕ್ ಇಲ್ಲಿಳಿದು ಸೀಲ್ ಮಾಂಸ ತುಂಬಿಕೊಂಡು ಹೋದ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಾಸ್ಟನ್ನಿನ ಹಡಗುಗಳು, ಅವುಗಳ ಹಿಂದೆಯೇ ಫೋರ್ಟ್ ರಾಸ್‌ನ ರಷ್ಯನ್ನರು ಅಲಾಸ್ಕಾ ಕಡೆಯ ಬೇಟೆಗಾರರನ್ನು ಕರೆತಂದು ತುಪ್ಪಳ ಸೀಲ್‌ಗಳನ್ನು ಗುಡಿಸಿಬಿಟ್ಟರು. ಆಮೇಲೆ ಆ ಜಾತಿಯ ಒಂದು ಮರಿ ಇಲ್ಲಿ ಹುಟ್ಟಿದ್ದನ್ನು ಕಾಣಲು 1996ರವರೆಗೆ ಕಾಯಬೇಕಾಯಿತು. ಒಂದೂವರೆ ಶತಮಾನಕ್ಕೂ ಹೆಚ್ಚು. ಯಾರೂ ತಂದು ಬಿಟ್ಟದ್ದಲ್ಲ, ದಕ್ಷಿಣದ ದ್ವೀಪವೊಂದರ ಕಡೆಯಿಂದ ತಾವಾಗಿ ಬಂದವು. ಈಗ ಪ್ರತಿ ಬೇಸಿಗೆಯಲ್ಲಿ ನೂರಾರು ಮರಿಗಳು.

ಆನೆಸೀಲ್‌ನ ಕಥೆಯಲ್ಲಿ ವಿಜ್ಞಾನಿಗಳೂ ನಾಚಿಕೊಳ್ಳಬೇಕಾದ ಒಂದು ಪುಟವಿದೆ. ಎಣ್ಣೆಗಾಗಿ ಕೊಂದು ಕೊಂದು ಅವು ಮುಗಿದೇ ಹೋದವೆಂದು ಎಲ್ಲರೂ ನಂಬಿದ್ದಾಗ, 1892ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ತಂಡಕ್ಕೆ ಮೆಕ್ಸಿಕೋದ ಗ್ವಾಡಲೂಪ್ ದ್ವೀಪದಲ್ಲಿ ಎಂಟು ಕಂಡವು. ಏಳನ್ನು ಕೊಂದು ಸಂಗ್ರಹಾಲಯಕ್ಕೆ ತಂದರು. ಅಪರೂಪದ್ದು ನೋಡಿ, ಮಾದರಿ ಬೇಡವೇ! ಕಡಲಲ್ಲಿ ಎಲ್ಲೋ ಇದ್ದ ಕೆಲವು ಡಜನ್ ಉಳಿದುಕೊಂಡವು, 1922ರಲ್ಲಿ ಮೆಕ್ಸಿಕೋ ಸರ್ಕಾರ ಅವಕ್ಕೆ ರಕ್ಷಣೆ ಕೊಟ್ಟಿತು. ಇಂದು ಒಂದೂವರೆ ಲಕ್ಷ ಮೀರಿರುವ ಅಷ್ಟೂ ಆನೆಸೀಲ್‌ಗಳು ಆ ಬೆರಳೆಣಿಕೆಯವುಗಳ ಸಂತಾನ. ಫ್ಯಾರಲಾನ್‌ನಲ್ಲಿ ಅವು ಮತ್ತೆ ಮರಿಹಾಕಿದ್ದು 1972ರಲ್ಲಿ. ನಾವು ಹೋದಾಗ ಗಂಡುಗಳು ಒಂದೆರಡು, ಹಳೆಯ ಚರ್ಮ ಸುಲಿಯುತ್ತ, ಮರಳಿನ ಮೇಲೆ ಮಲಗಿ ಬೇಸರದಿಂದ ಗೊರಕೆ ಹೊಡೆಯುತ್ತಿದ್ದವು. ಒಂದೂವರೆ ಕಿಲೋಮೀಟರಿಗಿಂತ ಆಳಕ್ಕೆ ಧುಮುಕಬಲ್ಲ ಪ್ರಾಣಿ ಇದೇ ಎಂದರೆ ಆ ಹೊತ್ತಿನಲ್ಲಿ ಯಾರೂ ನಂಬರು. ಆಶ್ವಯುಜ-ಕಾರ್ತೀಕದ ಹೊತ್ತಿಗೆ ಎಳೆಯ ಸೀಲ್‌ಗಳು ಬಂದಾಗ ಅವನ್ನರಸಿ ಬಿಳಿ ಶಾರ್ಕ್‌ಗಳೂ ಬರುತ್ತವೆ.

ದೋಣಿ ದ್ವೀಪದಿಂದ 300 ಅಡಿ ದೂರದಲ್ಲೇ ನಿಲ್ಲುತ್ತದೆ. ಇಳಿಯುವ ಮಾತೇ ಇಲ್ಲ. 1909ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಇಲ್ಲಿನ ಕೆಲವು ದ್ವೀಪಗಳನ್ನು ಪಕ್ಷಿಧಾಮ ಮಾಡಿದರು, 1969ರಲ್ಲಿ ದೊಡ್ಡ ದ್ವೀಪವೂ ಸೇರಿತು. 1968ರಿಂದ ದಶಕಗಟ್ಟಲೆ ಪಾಯಿಂಟ್ ಬ್ಲೂ ಸಂಸ್ಥೆಯ ಕೆಲವೇ ಸಂಶೋಧಕರು ಪಾಳಿಯ ಮೇಲೆ ಅಲ್ಲಿ ವಾಸವಿದ್ದು ಕೆಲಸ ಮಾಡಿದ್ದಾರೆ, ದೀಪಸ್ತಂಭದ ನೌಕರರ ಹಳೆಯ ಮನೆಗಳಲ್ಲಿ. ಅವರು ದ್ವೀಪ ಹತ್ತುವುದು ನಡೆದಲ್ಲ, ಕ್ರೇನು ಅವರನ್ನು ದೋಣಿಯಿಂದ ಎತ್ತಿಕೊಳ್ಳುತ್ತದೆ. ಗೂಡಿನ ಕಾಲದಲ್ಲಿ ಹೊರಬೀಳಬೇಕಾದರೆ ತಲೆಗೆ ಹೆಲ್ಮೆಟ್ ಬೇಕು, ಗಲ್‌ಗಳು ನೆತ್ತಿಗೇ ಎರಗುತ್ತವೆ. ಇಷ್ಟು ವರ್ಷ ದಿನತಪ್ಪದೆ ಬರೆದಿಟ್ಟ ಅವರ ದಿನಚರಿಯಿಂದಲೇ ತಿಳಿದದ್ದು, 2005ರಲ್ಲಿ ಗಾಳಿ ತಡವಾಗಿ, ತಣ್ಣೀರು ಮೇಲೇಳದೆ, ಕ್ರಿಲ್ ಬಾರದೆ, ಕ್ಯಾಸಿನ್ಸ್ ಆಕ್ಲೆಟ್ ಎಂಬ ಪುಟ್ಟ ಹಕ್ಕಿಗಳು ಗೂಡುಗಳನ್ನೇ ಬಿಟ್ಟು ಹೋದವೆಂದು.

ಮನುಷ್ಯರನ್ನು ಹೊರಗಿಟ್ಟರೂ ಮನುಷ್ಯರು ಬಿಟ್ಟುಹೋದದ್ದು ಒಳಗೇ ಇದೆ. ಮೊಲ, ಬೆಕ್ಕುಗಳನ್ನು 1970ರ ದಶಕದಲ್ಲಿ ತೆಗೆದರು, ಅವು ಹೋದದ್ದೇ ರೈನಾಸರಸ್ ಆಕ್ಲೆಟ್ ಎಂಬ ಹಕ್ಕಿ ಮರಳಿ ಬಂತು. ಇಲಿ ಮಾತ್ರ ಉಳಿಯಿತು. ಹಿಂದಿನ ಹಡಗುಗಳಲ್ಲಿ ಬಂದ ಮನೆಯಿಲಿ. ಶರತ್ಕಾಲದಲ್ಲಿ ಇಲಿ ಹೆಚ್ಚಿದಾಗ ದಾರಿಹೋಕ ಗೂಬೆಗಳು ಇಳಿಯುತ್ತವೆ. ಊಟ ಚೆನ್ನಾಗಿದೆ ಎಂದು ಉಳಿದುಬಿಡುತ್ತವೆ. ಚಳಿಗಾಲದಲ್ಲಿ ಇಲಿ ಸತ್ತು ಕಡಿಮೆಯಾದಾಗ ಗೂಬೆಗಳ ಬಾಯಿಗೆ ಬೀಳುವುದು ಆಶಿ ಸ್ಟಾರ್ಮ್-ಪೆಟ್ರೆಲ್. ಜಗತ್ತಿನಲ್ಲಿರುವ ಈ ಹಕ್ಕಿಗಳಲ್ಲಿ ಅರ್ಧದಷ್ಟಕ್ಕೆ ಇದೇ ಮನೆ. ಹೆಲಿಕಾಪ್ಟರಿನಿಂದ ವಿಷದ ಕಾಳು ಚೆಲ್ಲಿ ಇಲಿಯನ್ನು ಪೂರ್ತಿ ತೆಗೆಯಬೇಕೆಂಬ ಯೋಜನೆಗೆ 2021ರ ಡಿಸೆಂಬರಿನಲ್ಲಿ ರಾಜ್ಯದ ಕೋಸ್ಟಲ್ ಕಮಿಷನ್ ಒಪ್ಪಿತು. ಒಪ್ಪಿದ್ದಕ್ಕೆ ದೊಡ್ಡ ವಿರೋಧವೂ ಇತ್ತು, ವಿಷ ಗಲ್‌ಗಳನ್ನೂ ಕೊಲ್ಲದೆ ಬಿಟ್ಟೀತೇ ಎಂದು. ನನಗೆ ಎರಡೂ ಕಡೆಯವರ ಮಾತು ಸರಿಯೆನಿಸುತ್ತದೆ, ಆದರೂ ಆಯ್ಕೆ ಮಾಡಲೇಬೇಕೆಂದರೆ ಪೆಟ್ರೆಲ್‌ನ ಪಕ್ಷ ನನ್ನದು. ಗಲ್ ಎಲ್ಲಿಯಾದರೂ ಬದುಕೀತು.

ನೀರಿನ ಕೆಳಗೂ ಪಾಪವಿದೆ. 1946ರಿಂದ 1970ರವರೆಗೆ ವಿಕಿರಣ ತ್ಯಾಜ್ಯದ 47 ಸಾವಿರಕ್ಕೂ ಹೆಚ್ಚು ಪೀಪಾಯಿಗಳನ್ನು ಈ ದ್ವೀಪಗಳ ಸುತ್ತಲಿನ ಕಡಲಿಗೆ ಹಾಕಿದರು. ಬಿಕಿನಿ ಹವಳದ್ವೀಪದ ಅಣುಬಾಂಬ್ ಪರೀಕ್ಷೆಯಲ್ಲಿ ಬೆಂದಿದ್ದ ‘ಇಂಡಿಪೆಂಡೆನ್ಸ್’ ಎಂಬ ವಿಮಾನವಾಹಕ ಹಡಗನ್ನೂ 1951ರಲ್ಲಿ ಇಲ್ಲೇ ಮುಳುಗಿಸಿದರು. ಆ ಕಡಲೇ ಈಗ ಕಡಲಜೀವಿಗಳ ಅಭಯಧಾಮ.

ದ್ವೀಪದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಭೂಖಂಡದ ಅಂಚು ಕಡಿದಂತೆ ಇಳಿಯುತ್ತದೆ. ಬೇಸಿಗೆಯ ಕೊನೆಗೆ ನೀಲಿ ತಿಮಿಂಗಿಲ ಸಿಕ್ಕರೆ ಅಲ್ಲೇ. ನಮಗೆ ಸಿಕ್ಕದ್ದು ದೂರದಲ್ಲೊಂದು ನೀರಿನ ಕಂಬ, ಹಂಪ್‌ಬ್ಯಾಕ್‌ನದಕ್ಕಿಂತ ಮೂರು ಪಟ್ಟು ಎತ್ತರ, ನೆಟ್ಟಗೆ. ಬೆನ್ನು ಜಾರುತ್ತಲೇ ಇತ್ತು, ಮುಗಿಯಲೊಲ್ಲದು. ಎಷ್ಟೋ ಹೊತ್ತಿನ ಮೇಲೆ ಒಂದು ಪುಟ್ಟ ರೆಕ್ಕೆ ಬಂದು, ಮುಗಿಯಿತು ಎಂದಿತು. ಇಷ್ಟೇ. ಬೂದು ತಿಮಿಂಗಿಲ ಕಾಣಲು ಚಳಿಗಾಲ, ವಸಂತ ಸರಿಯಾದ ಕಾಲ. ಆರ್ಕ್ಟಿಕ್ ಕಡಲಿಗೂ ಮೆಕ್ಸಿಕೋದ ಬಾಹಾ ಹಿನ್ನೀರಿಗೂ ಅವು ಆಗ ಈ ದಾರಿಯಲ್ಲೇ ಓಡಾಡುತ್ತವೆ. ರಕ್ಷಣೆ ಸಿಕ್ಕಿ ಚೇತರಿಸಿಕೊಂಡು 1994ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ಹೊರಬಂದ ಪ್ರಾಣಿ ಅದು. 2016ರ ಸುಮಾರಿಗೆ 27 ಸಾವಿರ ಇತ್ತು. 2023ರ ಹೊತ್ತಿಗೆ ಹತ್ತಿರ ಹತ್ತಿರ ಅರ್ಧಕ್ಕೆ ಕುಸಿಯಿತು. ಉತ್ತರದ ಹಿಮ ಕರಗುತ್ತ ಕಡಲತಳದ ಅವುಗಳ ಆಹಾರ ಕಡಿಮೆಯಾಗಿದೆ. ಈಚಿನ ವರ್ಷಗಳಲ್ಲಿ ಹಸಿದ ಬೂದು ತಿಮಿಂಗಿಲಗಳು ಸೇತುವೆ ದಾಟಿ ಕೊಲ್ಲಿಯೊಳಗೇ ಬರುತ್ತಿವೆ, ಕೆಲವು ಅಲ್ಲೇ ಸಾಯುತ್ತಿವೆ. ಕೊಲ್ಲಿಯೊಳಗೆ ತಿಮಿಂಗಿಲ ಕಂಡು ಜನ ಹಿಗ್ಗಿ ಫೋಟೋ ತೆಗೆಯುತ್ತಾರೆ. ಅದು ಹಿಗ್ಗುವ ಸುದ್ದಿ ಅಲ್ಲ.

ಈ ಕಡಲಲ್ಲಿ ಈಗ ಈಟಿ ಹಿಡಿದವರು ಯಾರೂ ಇಲ್ಲ. ಹಡಗು ಢಿಕ್ಕಿ ಹೊಡೆಯುತ್ತದೆ, ಏಡಿ ಹಿಡಿಯುವ ಬೋನಿನ ಹಗ್ಗ ಬಾಲಕ್ಕೆ ಸುತ್ತಿಕೊಳ್ಳುತ್ತದೆ. 2013ರಲ್ಲಿ ಹಡಗುಗಳ ದಾರಿಯನ್ನು ಕೊಂಚ ಬದಲಿಸಿದರು. ತಿಮಿಂಗಿಲಗಳ ತಿಂಗಳುಗಳಲ್ಲಿ ವೇಗ 10 ನಾಟ್‌ಗೆ ಇಳಿಸಿ ಎಂದು ಕೋರುತ್ತಾರೆ. ತಿಮಿಂಗಿಲಗಳು ಇನ್ನೂ ಕಡಲಲ್ಲಿದ್ದರೆ ಡಂಜನೆಸ್ ಏಡಿಯ ಋತುವನ್ನೇ ಮುಂದಕ್ಕೆ ಹಾಕುತ್ತಾರೆ, ಏಡಿ ಹಿಡಿಯುವ ಸಣ್ಣ ದೋಣಿಗಳವರಿಗೆ ಹಬ್ಬದ ತಿಂಗಳ ದುಡಿಮೆ ಹೋಗುತ್ತದೆ. ದೊಡ್ಡ ಹಡಗಿಗೆ ಕೋರಿಕೆ, ಸಣ್ಣ ದೋಣಿಗೆ ಕಟ್ಟಪ್ಪಣೆ! ಇದನ್ನು ಅಲ್ಲಿನ ಬೆಸ್ತರು ಹೇಳಿದಾಗ ನಮ್ಮ ಮಲ್ಪೆಯವರ ಮಾತು ಕೇಳಿದಂತಾಯಿತು.

ಹೋಗಬೇಕೆನ್ನುವವರಿಗೆ ನಾಲ್ಕು ಮಾತು. ಹಕ್ಕಿಗಳ ಸಂದಣಿ, ಬಣ್ಣದ ಕೊಕ್ಕಿನ ಟಫ್ಟೆಡ್ ಪಫಿನ್ ಬೇಕಿದ್ದರೆ ಮೇಯಿಂದ ಜುಲೈ ಒಳಗೆ. ಆಗಸ್ಟ್ ಮುಗಿಯುವಷ್ಟರಲ್ಲಿ ಬಂಡೆಗಳು ಖಾಲಿ. ಹಂಪ್‌ಬ್ಯಾಕ್, ನೀಲಿ ತಿಮಿಂಗಿಲಗಳಿಗೆ ಜುಲೈಯಿಂದ ಅಕ್ಟೋಬರ್. ಇಡೀ ದಿನದ ಯಾತ್ರೆ. ಸ್ವೆಟರ್ ಮೇಲೊಂದು ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಅಂಗಿ, ಕಿವಿ ಮುಚ್ಚುವ ಟೋಪಿ. ಓಕರಿಕೆಯ ಮಾತ್ರೆಯನ್ನು ಹೊರಡುವ ಮುಂಚೆಯೇ ನುಂಗಬೇಕು, ಅಲೆ ಎದ್ದ ಮೇಲೆ ನುಂಗಿದರೆ ಅದೂ ಕಡಲ ಪಾಲು. ಬೆಳಿಗ್ಗೆ ಉಪವಾಸ ಬೇಡ, ಎಣ್ಣೆಯ ತಿಂಡಿಯೂ ಬೇಡ, ಎರಡು ಇಡ್ಲಿ ಸರಿ. ಕೂರಲು ದೋಣಿಯ ಹಿಂಭಾಗ ಒಳ್ಳೆಯದು, ಅಲ್ಲಿ ಏರಿಳಿತ ಕಡಿಮೆ. ಗಾಳಿ ಜೋರಾದರೆ ಕ್ಯಾಪ್ಟನ್ ಅರ್ಧ ದಾರಿಯಿಂದಲೇ ದೋಣಿ ತಿರುಗಿಸಬಹುದು, ವಾದಕ್ಕೆ ನಿಲ್ಲಬೇಡಿ. ಅಂಥ ದಿನವೂ ಬಂದರಿಗೆ ಮರಳಿದ ಮೇಲೆ 39ನೇ ಕಟ್ಟೆಗೆ ನಡೆದು ಹೋಗಿ. 1989ರ ಭೂಕಂಪದ ನಂತರದ ತಿಂಗಳುಗಳಲ್ಲಿ ಕಡಲಸಿಂಹಗಳು ದೋಣಿ ಕಟ್ಟುವ ಆ ಹಲಗೆಗಳನ್ನು ಆಕ್ರಮಿಸಿಕೊಂಡವು. ದೋಣಿಯವರೇ ಜಾಗ ಬಿಟ್ಟು ಹೋಗಬೇಕಾಯಿತು. ಅವನ್ನು ನೋಡಲು ಟಿಕೆಟ್ಟಿಲ್ಲ.